ಗಾಯ ಹೀರುವ ಪೆಟ್ಟಿಗೆ

ಕಾಲಿದ್ದಷ್ಟು ಹಾಸಿಗೆ ಚಾಚು ಎಂಬುದು ನಮ್ಮ ಮೂಳೆ ವಾರ್ಡಿನ ಗಾದೆ. ತಿರುಗುಮುರುಗಾಯಿತು ಎನ್ನಬೇಡಿ; ಅಲ್ಲಿ ಬಂದು ಮಲಗಿದವರಿಗೆ ಹಾಸಿಗೆಯ ಚಿಂತೆಯಿಲ್ಲ, ಕಾಲು ಎಷ್ಟು ಉಳಿದೀತು ಎಂಬುದೇ ಚಿಂತೆ. ನಾನು ಹೇಳಹೊರಟಿರುವುದು ನಡೆದ ಕತೆ. ಸುಳ್ಳು ಹೇಳಲು ನನಗೆ ನಾಲಿಗೆಯಿಲ್ಲ, ಇರುವುದು ಹೀರುವ ಬಾಯಿಯೊಂದೇ.

ನಾನು ಗಾಯ ಹೀರುವ ಒಂದು ಯಂತ್ರ. ಟಿಫಿನ್ ಡಬ್ಬಿಯಷ್ಟು ಗಾತ್ರ, ಹೊಟ್ಟೆಯಲ್ಲೊಂದು ಪಂಪು, ಮುಂದೊಂದು ಕೊಳವೆ, ಪಕ್ಕದಲ್ಲಿ ಹೀರಿದ್ದು ಬೀಳುವ ಡಬ್ಬಿ. ಮುರಿದ ಮೂಳೆ ಚರ್ಮ ಹರಿದುಕೊಂಡು ಹೊರಬಂದರೆ ಆ ಗಾಯವನ್ನು ಕೂಡಲೇ ಹೊಲಿಯಲಾಗದು. ತೊಳೆದು, ಹೊಲಸು ತೆಗೆದು, ಕೆಲವು ದಿನ ತಾತ್ಕಾಲಿಕವಾಗಿ ಮುಚ್ಚಿಡಬೇಕು. ಆಗ ಗಾಯಕ್ಕೆ ಸ್ಪಂಜು ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನನ್ನ ಕೊಳವೆ ಸಿಕ್ಕಿಸುತ್ತಾರೆ. ಕೆಟ್ಟ ನೀರನ್ನೆಲ್ಲ ಗುಟುಕು ಗುಟುಕಾಗಿ ಹೀರುವುದು ನನ್ನ ಪಾಲಿನ ಪಂಚಾಮೃತ.

ನಾನು ಹುಟ್ಟಿದ್ದು ಮುಖಕ್ಕೆ ಮುಸುಕು ಕಟ್ಟಿಕೊಂಡ ಹೆಂಗಸರ ಕೈಯಲ್ಲಿ, ತಣ್ಣಗಿನ ಕಾರ್ಖಾನೆಯೊಂದರಲ್ಲಿ. ಮೊದಲು ಸೇರಿದ್ದು ಖಾಸಗಿ ಆಸ್ಪತ್ರೆ. ಅಲ್ಲಿ ಸಕ್ಕರೆ ಕಾಯಿಲೆಯ ಸಾಹುಕಾರರ ಪಾದಸೇವೆ ಮಾಡಿದೆ. ಹೊಸ ಮಾದರಿ ಬಂದ ಕೂಡಲೇ ದಾನದ ಹೆಸರಿನಲ್ಲಿ ನನ್ನನ್ನು ಹುಬ್ಬಳ್ಳಿ ಕಡೆಯ ಈ ದೊಡ್ಡಾಸ್ಪತ್ರೆಗೆ ಸಾಗಹಾಕಿದರು.

ಇಲ್ಲಿ ಡಾಕ್ಟರ್ ಮಂಟೂರ ಅವರು ಒಂದು ಪರೀಕ್ಷೆಗೆ ಇಳಿದಿದ್ದರು. ಅರ್ಧ ಜನರ ಗಾಯಕ್ಕೆ ನನ್ನಂಥ ಯಂತ್ರ, ಉಳಿದರ್ಧಕ್ಕೆ ಸಾದಾ ತೆಳು ಹತ್ತಿಬಟ್ಟೆಯ ಪಟ್ಟಿ. ಯಾರಿಗೆ ಯಾವುದೆಂದು ಆರಿಸುವುದು ಕಂಪ್ಯೂಟರು. ಡಾಕ್ಟರರ ಮನಸ್ಸು ಯಾರ ಕಡೆಗೂ ವಾಲಬಾರದಲ್ಲ. ಬಟ್ಟೆಯ ಜೊತೆ ನನಗೆ ಪೈಪೋಟಿಯೇ ಎಂದು ನಾನು ಒಳಗೊಳಗೇ ನಕ್ಕೆ.

ಹತ್ತಿ ಮಾರ್ಕೆಟ್ಟಿನ ಹಮಾಲ ಯಮನಪ್ಪನಿಗೆ ನಾನು ಬಂದೆ. ಅವನ ಕಾಲ ಮೇಲೆ ಹತ್ತಿ ತುಂಬಿದ ಅಂಡಿಗೆ ಉರುಳಿತ್ತು. ಪಕ್ಕದ ಮಂಚದ ಮೌಲಾಲಿಗೆ ಬಟ್ಟೆ ಬಂತು. ಅವನು ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವನು. ಹಿಂದಕ್ಕೆ ಬಂದ ಬಸ್ಸು ಕಾಲ ಮೇಲೇ ಹತ್ತಿತ್ತು. ಎಲ್ಲ ಬಸ್ಸಿನ ಹಾರನ್ನು, ಸಿಸ್ಟರ ಕೆಮ್ಮು, ನನ್ನ ಗುರುಗುರು, ಎಲ್ಲವೂ ಅವನ ಗಂಟಲಲ್ಲಿದ್ದವು. ಆದರೆ ಪಟ್ಟಿ ಬಿಚ್ಚುವಾಗ ಮಾತ್ರ ಗೋಡೆಗೆ ಮುಖ ಮಾಡುತ್ತಿದ್ದ. ತನ್ನ ಗಾಯವನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಅವನ ಹೆಂಡತಿ ಖಾತೂನಬಿ ಡಾಕ್ಟರರನ್ನು ತಡೆದು ನಿಲ್ಲಿಸಿದಳು. “ನಮ್ಮ ಮನ್ಯಾವ್ರಿಗೂ ಆ ಮಿಷಿನ್ ಹಚ್ರಿ ಸಾಹೇಬ್ರ. ಬಡವ್ರಂತ ಬರೇ ಅರಿಬಿ ಸುತ್ತೀರೇನು?”

“ಯಾವುದು ಛಲೋ ಅಂತ ನಮಗೂ ಗೊತ್ತಿಲ್ಲ ತಂಗಿ. ಅದಕ್ಕ ಎರಡೂ ಹೋಲಿಸಿ ನೋಡಾಕತ್ತೀವಿ.”

“ನಿಮಗ ಗೊತ್ತಿಲ್ಲಂದ್ರ ಇನ್ನ ಯಾರಿಗೆ ಗೊತ್ರಿ?”

ಡಾಕ್ಟರ್ ಮುಂದಿನ ಮಂಚದ ಕಡೆ ನಡೆದರು.

ನಾನು ಯಮನಪ್ಪನ ಗಾಯವನ್ನು ಜೀವ ತೇಯ್ದು ಹೀರಿದೆ. ಆದರೂ ನಂಜು ಏರಿತು. ಬೆರಳು ಕಪ್ಪಾದವು. ಮೊಣಕಾಲಿನ ಕೆಳಗೆ ಕಾಲನ್ನು ಕತ್ತರಿಸಿ ತೆಗೆದು, ಅವನನ್ನು ಅದೇ ಮಂಚಕ್ಕೆ ತಂದು ಮಲಗಿಸಿದರು. ನನ್ನನ್ನು ಒರೆಸಿ, ಹೊಸ ಕೊಳವೆ ಹಾಕಿ, ಮುಂದಿನ ರೋಗಿಗಾಗಿ ಎರಡು ಮಂಚದ ನಡುವೆ ತೂಗಿಬಿಟ್ಟರು. ಹೊದಿಕೆ ಚಪ್ಪಟೆಯಾಗಿದ್ದ ಕಡೆಯನ್ನೇ ಮೌಲಾಲಿ ನೋಡಿದ.

“ಮಿಷಿನ್ ಹಚ್ಚಿದವ್ರದ ಹೋತು ಕಾಕಾ. ಅರಿಬಿ ಕಟ್ಟಿದ ನಂದೆಲ್ಲಿ ಉಳೀತೈತಿ?”

ಅಂದಿನಿಂದ ಅವನ ಹಾರನ್ನುಗಳು ನಿಂತವು. ಊಟದ ತಟ್ಟೆ ತುಂಬಿದಂತೆಯೇ ವಾಪಸಾಗುತ್ತಿತ್ತು. ಹೀಗೇ ಉಪವಾಸ ಬಿದ್ದರೆ ಗಾಯ ಮಾಯುವುದಿಲ್ಲ ಎಂದು ಸಿಸ್ಟರು ಗದರಿದರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಇಂಜೆಕ್ಷನ್ನಿನ ಮಂಪರಿನಲ್ಲಿ ಅವನು ಗೊರಕೆ ಹೊಡೆಯುತ್ತಿದ್ದಾಗ, ಯಮನಪ್ಪ ಖಾತೂನಬಿಯನ್ನು ಸನ್ನೆ ಮಾಡಿ ಕರೆದ. “ಅಲ್ಲಿ ಖಾಲಿ ಸಲೈನ್ ಬಾಟ್ಲಿ ಐತಲ್ಲ, ತಾರವ್ವ. ಅಂಟುಪಟ್ಟೀನೂ ತಾ.” ನನ್ನ ಕೊಳವೆಯನ್ನು ಬಾಟಲಿಯ ಬಾಯಿಗೆ ಬಿಗಿದು, ಬಾಟಲಿಯನ್ನು ಮೌಲಾಲಿಯ ಹೊದಿಕೆಯೊಳಗೆ ಸರಿಸಿ, ನನ್ನ ಗುಂಡಿ ಒತ್ತಿದರು. ಇಷ್ಟು ವರ್ಷದ ಸೇವೆಗೆ ಸಿಕ್ಕ ಮರ್ಯಾದೆ ನೋಡಿ: ಬಾಟಲಿ ಹೀರುವ ಕೆಲಸ.

ಮೌಲಾಲಿ ಕಣ್ಣು ಬಿಟ್ಟ. “ಇದನ್ನ ಯಾವಾಗ ಹಚ್ಚಿದ್ರು?”

“ನೀ ಗೊರಕಿ ಹೊಡಿಯಾಗ. ಹೊದಿಕಿ ಎತ್ತಬ್ಯಾಡಂತ, ಗಾಳಿ ಹೊಕ್ಕೀತು,” ಎಂದ ಯಮನಪ್ಪ.

ಎತ್ತುವ ಧೈರ್ಯ ಅವನಿಗೆಲ್ಲಿತ್ತು? ಆದರೆ ಆ ಸಂಜೆ ರೊಟ್ಟಿ ಕೇಳಿ ತಿಂದ. “ಜಗ್ಗಾಕತ್ತೈತಿ ನೋಡ್ರಿ, ಹಿಮ್ಮಡದಿಂದ ಜಗ್ಗತೈತಿ,” ಎಂದು ಬಂದುಹೋದವರಿಗೆಲ್ಲ ಸಾರಿದ. ನನ್ನ ಸದ್ದನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸಿದ.

ಮರುದಿನ ಡಾಕ್ಟರ್ ಹೊದಿಕೆ ಎತ್ತಿದರು. ಬಾಟಲಿ ಒಣಗಿದ ಹಾಗಲಕಾಯಿಯಂತೆ ಸುಕ್ಕಾಗಿತ್ತು.

“ಇದನ್ನ ಯಾರು ಮಾಡಿದ್ದು?” ಅವರ ಮುಖ ಬಿಗಿದುಕೊಂಡಿತು.

“ಬಾಟ್ಲಿಗೆ ಭಾಳ ಗಾಯಾಗಿತ್ರಿ ಸಾಹೇಬ್ರ,” ಎಂದ ಯಮನಪ್ಪ.

ಡಾಕ್ಟರ್ ಮೌಲಾಲಿಯ ಪಟ್ಟಿ ಬಿಚ್ಚಿದರು. ಒಳಗೆ ಹವಳದ ಬಣ್ಣದ ಹೊಸ ಮಾಂಸ ತುಂಬಿತ್ತು. “ಇನ್ನ ಚರ್ಮ ಹಚ್ಚಬಹುದು. ಕಾಲು ಉಳೀತು, ಮೌಲಾಲಿ.” ಅವನು ಮೊದಲ ಸಲ ತನ್ನ ಗಾಯದ ಕಡೆ ಕಣ್ಣು ಹಾಯಿಸಿದ. ಪಕ್ಕದಲ್ಲಿದ್ದ ಬಾಟಲಿಯನ್ನೂ ನೋಡಿದ.

ಮುಂದೆ ಎಷ್ಟೋ ಕಾಲುಗಳ ಲೆಕ್ಕ ಮುಗಿದ ಮೇಲೆ, ತಮ್ಮ ವಾರ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಎಂದರು ಡಾಕ್ಟರು. ಪಂಪು ದಣಿದು ನಾನು ಉಗ್ರಾಣ ಸೇರಿದೆ. ಈಗ ಮುರುಕು ಗಾಲಿಕುರ್ಚಿಯ ಮಡಿಲೇ ನನ್ನ ಮನೆ. ಬಟ್ಟೆಯ ಎದುರು ನಾನು ಸೋಲಲಿಲ್ಲ, ಗೆಲ್ಲಲೂ ಇಲ್ಲ. ಹೀರಿದ ನೋವೆಲ್ಲ ಡಬ್ಬಿಗೆ ಬೀಳುವುದಿಲ್ಲ ಎಂಬುದಷ್ಟೇ ನಾನು ಕಲಿತದ್ದು.

ಬಾಟಲಿ ಸಿಕ್ಕ ಆ ಬೆಳಗ್ಗೆಯಂತೂ ಇಡೀ ವಾರ್ಡು ನಕ್ಕಿತ್ತು. ಖಾತೂನಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕರೆ ಗಾಯ ಅದುರಿ ನೋಯುತ್ತದೆಂದು ಯಮನಪ್ಪ ಮೊಂಡುಗಾಲನ್ನು ಎರಡೂ ಕೈಯಿಂದ ಒತ್ತಿಹಿಡಿದು ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕವನು ಮೌಲಾಲಿ. ಯಮನಪ್ಪನ ಆ ಕೈಗಳ ಕಡೆ ಕಣ್ಣು ಹೋಗದಂತೆ ಮುಖವನ್ನು ಸೂರಿಗೆ ಎತ್ತಿ, ಕಣ್ಣೀರು ಕಿವಿಗೆ ಇಳಿದರೂ ಒರೆಸಿಕೊಳ್ಳದೆ, ಉಳಿದವರೆಲ್ಲ ನಕ್ಕು ಸುಮ್ಮನಾದ ಮೇಲೂ ಅವನು ನಗುತ್ತಲೇ ಇದ್ದ.