ಅಕ್ಕ ಒತ್ತದ ಗುಂಡಿ

"ಅವಳು ಏನೋ ಒತ್ತಿಬಿಟ್ಟಳು ಅಂತ ಬರ್ದುಬಿಡಪ್ಪ, ಕಥೆ ಮುಗೀತು," ಎಂದರು ಮ್ಯಾನೇಜರ್, ಗುಂಡುಪಿನ್ನಿನಿಂದ ಹಲ್ಲುಸಂದಿ ಕೆದಕುತ್ತ.

ನಮ್ಮದು ಕಟ್ಟುಹಲ್ಲು ಮಾಡುವ ಲ್ಯಾಬು. ಅಲ್ಲಿನ ಕಂಪ್ಯೂಟರುಗಳ ಯೋಗಕ್ಷೇಮ ನನ್ನದು. ಆ ಬೆಳಿಗ್ಗೆ ನೋಡಿದರೆ, ಎಲ್ಲ ಕೋಣೆಗಳೂ ಹಂಚಿಕೊಳ್ಳುವ ಫೋಲ್ಡರಿನಲ್ಲಿದ್ದ ಆರುನೂರು ಜನರ ದವಡೆಯ ಸ್ಕ್ಯಾನುಗಳಿಗೆ ಯಾರೋ ಹೊರಗಿನವರು ಇಂಟರ್ನೆಟ್ಟಿನಿಂದ ನುಸುಳಿ, ತೆರೆಯದಂತೆ ಬೀಗ ಜಡಿದಿದ್ದರು. ಮಧ್ಯಾಹ್ನದೊಳಗೆ ಮಾಲೀಕರಿಗೆ ಕಾರಣ ಬರೆದು ಕಳಿಸಬೇಕಿತ್ತು. 'ಅವಳು' ಅಂದರೆ ರಿಸೆಪ್ಷನ್ನಿನ ಅಕ್ಕ. ಹದಿನೆಂಟು ವರ್ಷದಿಂದ ಅದೇ ಕುರ್ಚಿ. ನಾನು ಹಾಗೆ ಬರೆದರೆ ಆ ಕುರ್ಚಿಗೆ ಇವತ್ತೇ ಕೊನೆ.

"ಇದಕ್ಕೆ ಯಾರೂ ಏನೂ ಒತ್ಬೇಕಾಗಿಲ್ಲ ಸಾರ್. ತೂತು ಇರೋದು ಫೈಲ್ ಹಂಚೋ ಪ್ರೋಗ್ರಾಮಲ್ಲೇ. ಮೆಮೊರೀಲಿ ಒಂದು ಜಾಗ ಬಿಟ್ಕೊಟ್ಟಿರುತ್ತೆ, ಆಮೇಲೂ ತನ್ನದೇ ಅಂತ ಓದ್ತಾ ಇರುತ್ತೆ. ಖಾಲಿ ಮನೇಲಿ ಕಳ್ಳ ಬಂದು ಕೂತಿದ್ರೂ ಆಳು ಹಳೇ ಯಜಮಾನ್ರು ಅಂದ್ಕೊಂಡು, ಅವನು ಹೇಳಿದ್ದೆಲ್ಲ ಮಾಡಿದ ಹಾಗೆ."

"ರಿಪೇರಿ ಇಲ್ವಾ ಅದಕ್ಕೆ?"

"ಪ್ರೋಗ್ರಾಮ್ ಮಾಡಿದೋರು ಕಳ್ಸಿ ಎರಡು ತಿಂಗಳಾಯ್ತು."

ಮ್ಯಾನೇಜರ್ ಪಿನ್ನಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗಿಟ್ಟರು. ರಿಪೇರಿ ಹಾಕಿದರೆ ಕಂಪ್ಯೂಟರ್ ಒಮ್ಮೆ ಆರಿ ಹತ್ತಬೇಕು. ಆಗ ಹಲ್ಲು ಕೊರೆಯುವ ಯಂತ್ರ ನಡುವೆಯೇ ನಿಂತು, ಅರ್ಧ ಕೊರೆದ ಹಲ್ಲು ಕಸಕ್ಕೆ. ಅದಕ್ಕೇ, ರಿಪೇರಿ ಹಾಕಲೇ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಇವರು ದಿನಾ 'ಆಮೇಲೆ' ಒತ್ತುತ್ತಿದ್ದರು. ಒತ್ತಿ ಒತ್ತಿ ಬೇಸರವಾಯಿತು ಅಂದಾಗ, ಅದು ಕೇಳುವುದನ್ನೇ ನಿಲ್ಲಿಸುವಂತೆ ಮಾಡಿಕೊಟ್ಟವನು ನಾನು. ಶಭಾಷ್ ಅನ್ನಿಸಿಕೊಂಡು ಹಲ್ಲು ಕಿರಿದದ್ದೂ ಉಂಟು. ಇವರನ್ನು ಕಂಡರೆ ಹೇಸಿಗೆ, ಸರಿಯೇ; ನನ್ನ ಕೈ ನನಗೇ ಅಂಟಂಟು.

"ಅವಳಿಗೇನಪ್ಪ, ಇವತ್ತಲ್ಲ ನಾಳೆ ಮನೆಗೆ ಹೋಗೋಳೇ. ನಾವಿಬ್ರು ಉಳ್ಕೋಬೇಕಲ್ಲ?"

ಆ 'ನಾವಿಬ್ರು' ಎಂಬುದು ಎಂಜಲು ಸಿಡಿದ ಹಾಗೆ ಮುಖಕ್ಕೆ ಬಿತ್ತು. ನನ್ನ ಮೇಜಿಗೆ ಹೋಗಿ ಬರೆದೆ: ತೂತು ಯಾವುದು, ರಿಪೇರಿ ಯಾವತ್ತು ಬಂತು, ತಡೆಯಲು ಹೇಳಿದವರು ಯಾರು, ತಡೆದವರು ಯಾರು. ಮಾಲೀಕರಿಗೆ ಕಳಿಸಿ, ಒಂದು ಪ್ರತಿಯನ್ನು ಅಕ್ಕನ ಮುಂದಿಟ್ಟೆ.

ಅವಳು ಕನ್ನಡಕ ಏರಿಸಿ ಓದಿದಳು. "ನಿನ್ನ ಹೆಸರೂ ಹಾಕಿದ್ದೀಯಲ್ಲೋ ಮಂಕೇ!"

"ಇನ್ಯಾರದು ಹಾಕ್ಲಿ?"

"ನಂದು ಹಾಕು ಅಂದ್ರಂತಲ್ಲ. ಗೋಡೆಗೇ ಕಿವಿ ಇರುತ್ತಂತೆ, ನನಗೆ ಎರಡಿದೆ."

ಫೋನು ಬಡಿದುಕೊಂಡಿತು. ಮಾಲೀಕರದು. ಅಕ್ಕ ಕೇಳಿಸಿಕೊಂಡು, ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಮ್ಯಾನೇಜರರ ಬಾಗಿಲು ತಟ್ಟಲು ಎದ್ದಳು.