ಕಾಯುವ ಏಟು

ಚಡಪಡಿಗೆ ಅಂದು ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಾಗೆ ನೋಡಿದರೆ ಅದೇನೂ ಹೊಸದಲ್ಲ. ತೊಟ್ಟಿಲಲ್ಲಿದ್ದಾಗಲೇ ಕಾಲು ಬಡಿಯುತ್ತಿದ್ದಳೆಂದು ಮನೆಯವರು ಇಟ್ಟ ಅಡ್ಡಹೆಸರೇ ಚಡಪಡಿ. ಶಾಲೆಗೆ ಸೇರಿಸುವಾಗ ಚೆಂದದ ಹೆಸರೊಂದನ್ನು ಬರೆಸಿದ್ದರೂ ಅದು ಹಾಜರಿ ಕೂಗುವವರ ಬಾಯಲ್ಲೇ ಉಳಿದುಹೋಯಿತು. ದೊಡ್ಡವಳಾದ ಮೇಲೆ ಆ ಕೈಕಾಲುಗಳಿಗೆ ಡ್ರಮ್ಸ್ ಸಿಕ್ಕಿತು. ಮನೆಯ ಪಾತ್ರೆಪಡಗಗಳು ಬದುಕಿಕೊಂಡವು.

ಹಗಲು ಹೊತ್ತು ಅವಳಿಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕೆಲಸ. ಬಂದವರನ್ನು ಬೆಂಚಿನ ಮೇಲೆ ಕೂರಿಸುವುದು, ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು. ಅಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ಹೊಸ ಆಲ್ಬಮ್ಮಿನ ಎಂಟು ತುಣುಕುಗಳನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಕೇಳುತ್ತಿದ್ದಳು. ಬೆರಳುಗಳು ಮೇಜನ್ನು ಬಡಿಯುತ್ತಿದ್ದವು. ಬಡಿಯುತ್ತಾ ಬಡಿಯುತ್ತಾ ಎಲ್ಲೋ ಒಂದು ಕಡೆ ಮುಗ್ಗರಿಸುತ್ತಿದ್ದವು.

ಡಾಕ್ಟರಮ್ಮ ಬಾಗಿಲಿನಿಂದ ತಲೆ ಹೊರಹಾಕಿದರು. "ಇಲ್ಲಿ ಬರೋರಿಗೆ ಮೊದಲೇ ಎದೆ ಹೊಡ್ಕೊಳ್ತಿರುತ್ತೆ ಕಣಮ್ಮ. ನೀನು ಅದಕ್ಕೆ ತಾಳ ಬೇರೆ ಹಾಕ್ಬೇಡ."

"ತಪ್ಪಾಯ್ತು ಡಾಕ್ಟ್ರೇ."

"ನಿಮ್ಮ ಆಲ್ಬಮ್ಮಾ ಅದು? ಹೇಗಿದೆ?"

"ನನ್ನ ಗೆಳತೀರೆಲ್ಲ ಚೆನ್ನಾಗಿದೆ ಅಂತಾರೆ."

"ನೀನೇನಂತೀಯ?"

ಅದರಲ್ಲಿನ ತನ್ನ ಡ್ರಮ್ಸ್ ಕೇಳುವಾಗ ಚಡಪಡಿಗೆ, ತನ್ನ ಬಟ್ಟೆ ತೊಟ್ಟು ಬೇರೆ ಯಾರೋ ಬೀದಿಯಲ್ಲಿ ನಡೆದುಹೋದರೆ ಹೇಗಿರುತ್ತದೋ ಹಾಗಿತ್ತು. ಬಟ್ಟೆ ತನ್ನದೇ, ನಡಿಗೆ ತನ್ನದಲ್ಲ. ಆದರೆ ಇದನ್ನೆಲ್ಲ ದವಡೆ ಹಿಡಿದು ಕೂತವರ ಮುಂದೆ ಹೇಳುವುದು ಹೇಗೆ?

ಆ ಆಲ್ಬಮ್ಮಿನ ವಿಚಾರ ಇಷ್ಟು. ಚಡಪಡಿಯದು ಡ್ರಮ್ಸ್, ಅವಳ ಅಣ್ಣನದು ಮಂದ್ರದಲ್ಲಿ ನುಡಿಯುವ ಬೇಸ್ ಗಿಟಾರು, ಕಡ್ಡಿ ಎಂದು ಕರೆಸಿಕೊಳ್ಳುವ ಅಣ್ಣನ ಗೆಳೆಯನದು ಗಿಟಾರು. ಆಳು ಹೆಸರಿಗೆ ತಕ್ಕ ಹಾಗೇ ಇದ್ದ, ಅಂಗಿಯೊಳಗೆ ಗಾಳಿಯೇ ಹೆಚ್ಚು. ಮೂವರೂ ಅಣ್ಣನ ಗ್ಯಾರೇಜಿನ ಹಿಂದಿನ ತಗಡಿನ ಕೋಣೆಯಲ್ಲಿ ಪ್ರತಿ ಭಾನುವಾರ ಸೇರುತ್ತಿದ್ದರು. ಹಾಡುವವರು ಇಲ್ಲ, ಮಾತು ಇಲ್ಲ, ಬರೀ ವಾದ್ಯ. ಜಾಝಿನ ಅಲೆದಾಟಕ್ಕೆ ರಾಕಿನ ಗುದ್ದು ಸೇರಿಸಿದ ಸಂಗೀತ. "ಮೂರು ಜನ ಜಗಳ ಆಡ್ತಿದ್ದೀರ, ಯಾರೂ ಬಾಯಿ ಬಿಡ್ತಿಲ್ಲ" ಎನ್ನುತ್ತಿದ್ದಳು ಅತ್ತಿಗೆ, ಕಾಫಿ ತಂದಿಟ್ಟು. ಹೀಗೆ ವರ್ಷಾನುಗಟ್ಟಲೆ ಜಗಳ ಆಡಿದ ಮೇಲೆ ಈಗ ಮೊದಲ ಆಲ್ಬಮ್. ಸ್ಟುಡಿಯೋದಲ್ಲಿ ನುಡಿಸಿ ಮುಗಿಸಿದ್ದರು. ಸೌಂಡ್ ಇಂಜಿನಿಯರ್ ಎಲ್ಲವನ್ನೂ ಹದಮಾಡಿ ಹಿಂದಿನ ದಿನವಷ್ಟೇ ಮೂವರಿಗೂ ಕಳಿಸಿದ್ದರು. ಅಣ್ಣ ಮಾತ್ರ ಮೊದಲ ಸಲ ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲೇ ಕೇಳುತ್ತೇನೆಂದು ಅದನ್ನು ತೆರೆದಿರಲಿಲ್ಲ.

ಮಧ್ಯಾಹ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಕಡ್ಡಿ ಬಂದ. ಬಂದವನು ಹಲ್ಲಿನ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡಿದ. ಕಡ್ಡಿ ಸುಮ್ಮಸುಮ್ಮನೆ ಗೋಡೆ ನೋಡುವವನಲ್ಲ.

"ಏನು ಹೇಳ್ಬೇಕೋ ಬೊಗಳು ಮಾರಾಯ. ನನಗೆ ಮೊದಲೇ ಮೈ ಉರೀತಿದೆ."

"ನಿಮ್ಮಣ್ಣನ ಬೇಸ್ ಹಿಂದೆ ಬೀಳ್ತಿದೆ" ಎಂದ ಕಡ್ಡಿ. "ರಾಗದ ಪ್ರತಿ ತಿರುವಲ್ಲೂ. ಕೋಣೇಲಿ ನುಡಿಸುವಾಗ ಯಾವತ್ತೂ ನನ್ನ ಕಿವಿಗೆ ಬಿದ್ದಿರ್ಲಿಲ್ಲ. ಈಗ ಕೇಳ್ತಿದೆ. ಇಂಜಿನಿಯರ್‌ಗೆ ಗೊತ್ತಿರೋ ಒಬ್ಬ ಬೇಸ್ ನುಡಿಸೋನು ಇದ್ದಾನಂತೆ. ಅವನ ಹತ್ರ ಎಲ್ಲಾ ಮತ್ತೆ ನುಡಿಸಿ ಕೂರಿಸ್ಬಿಡೋಣ ಅಂತಾರೆ."

"ಅಣ್ಣನ್ನ ತೆಗೆದು?"

"ತೆಗೆದು ಅಲ್ಲ... ಹೆಸರು ಅವನದೇ ಇರುತ್ತೆ. ಯಾರಿಗೆ ಗೊತ್ತಾಗುತ್ತೆ?"

"ಅವನಿಗೆ ಗೊತ್ತಾಗಲ್ವೇನೋ?"

"ಅದಕ್ಕೇ ನಿನ್ನ ಹತ್ರ ಬಂದೆ. ನಾನು ಹೇಳಿದ್ರೆ ಸ್ಪ್ಯಾನರ್ ಎಸೀತಾನೆ. ನೀನು ತಂಗಿ. ಮೆಲ್ಲಗೆ ಹೇಳು."

ಆಗ ಚಡಪಡಿಗೆ ಅರ್ಥವಾಯಿತು. ಬೇಸ್ ಇದ್ದಲ್ಲೇ ಇದೆ, ಜಾಗ ಬಿಟ್ಟಿರುವುದು ತನ್ನ ಏಟು.

ಅಣ್ಣನ ಎಡಗೈ ಉಂಗುರದ ಬೆರಳು ಗೇರ್‌ಬಾಕ್ಸಿನ ಅಡಿ ಸಿಕ್ಕಿ ಜಜ್ಜಿಹೋಗಿತ್ತು. ಮೂಳೆ ಕೂಡಿಕೊಂಡರೂ ಗೆಣ್ಣು ಮಡಚುವುದು ನಿಧಾನವಾಯಿತು. ನುಡಿಸುವಾಗ ಉಳಿದೆಲ್ಲೂ ತೊಂದರೆಯಿಲ್ಲ, ಆದರೆ ರಾಗ ತಿರುಗುವ ಜಾಗದಲ್ಲಿ ಕೈ ಮೇಲಕ್ಕೆ ಜಿಗಿಯಬೇಕು. ಅಲ್ಲಿ ಕಣ್ಣು ಮಿಟುಕಿಸುವಷ್ಟು ತಡ. ಮೂಳೆ ಕೂಡಿದ ಮೇಲಿನ ಮೊದಲ ಭಾನುವಾರ ಅವನ ಮುಖ ಸುಟ್ಟ ಬದನೆಕಾಯಿಯಾದದ್ದನ್ನು ಚಡಪಡಿ ನೋಡಿದ್ದಳು. ಮುಂದಿನ ಸಲ ಆ ತಿರುವು ಬಂದಾಗ ಕೋಲನ್ನು ಗಾಳಿಯಲ್ಲೇ ಒಂದಿಷ್ಟು ತಡೆದಳು. ಅವನ ಸ್ವರ ಬಂತು, ಇವಳ ಏಟೂ ಬಿತ್ತು, ಎರಡೂ ಒಂದೇ ಆದವು. ಅಣ್ಣ ನಕ್ಕ. ಆಮೇಲೆ ಅದು ರೂಢಿಯಾಯಿತು. ತಾನು ಕಾಯುತ್ತಿದ್ದೇನೆಂಬುದು ಅವಳಿಗೇ ಮರೆತುಹೋಗಿತ್ತು. ಕೈಗೆ ಮಾತ್ರ ಮರೆತಿರಲಿಲ್ಲ.

"ನಡಿ ಸ್ಟುಡಿಯೋಗೆ" ಎಂದಳು.

"ಊಟ?"

"ನೀನು ಉಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಡಿ."

ಸ್ಟುಡಿಯೋ ಇದ್ದದ್ದು ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ವಾರ್ನಿಶ್ ವಾಸನೆ. ಇಂಜಿನಿಯರ್ ಬಿಸ್ಕತ್ತು ತಿನ್ನುತ್ತಾ ಪರದೆಯ ಮುಂದೆ ಕೂತಿದ್ದರು. ಅವಳು ಕೇಳಿದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳಿದರು.

"ಹೌದು ಮೇಡಮ್, ನಿಮ್ಮ ಡ್ರಮ್ಸ್ ತಿರುವುಗಳಲ್ಲಿ ಜಾರ್ತಿತ್ತು. ಎಲ್ಲಾನೂ ಕಂಪ್ಯೂಟರಿನಲ್ಲಿ ತಾಳದ ಗೆರೆಗೆ ಎಳೆದು ಕೂರಿಸ್ದೆ. ಡ್ರಮ್ಸಿನವರಿಗೆಲ್ಲ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ."

"ವಾಪಸ್ ಹಾಕಿ."

"ತಡ ಕೇಳುತ್ತೆ."

"ನಾನು ತಡಾನೇ ಸರ್. ಹುಟ್ಟಿದಾಗಿನಿಂದ. ಹಾಕಿ."

ಅವರು ಭುಜ ಕುಣಿಸಿ ಹಾಕಿದರು. ತಿರುವು ಬಂತು. ಬೇಸೂ ಡ್ರಮ್ಸೂ ಒಂದೇ ಹೆಜ್ಜೆಯಲ್ಲಿ ಇಳಿದವು, ಒಂದೇ ಮೈಯ ಎರಡು ಕಾಲುಗಳ ಹಾಗೆ. ಕಡ್ಡಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು.

"ಅಯ್ಯೋ ನಿನ್ನ! ಇಷ್ಟು ವರ್ಷ ನೀನು..."

"ಬಾಯಿ ಮುಚ್ಚು. ಅಣ್ಣನಿಗೆ ಹೇಳಿದ್ರೆ ಕೊಂದುಬಿಡ್ತೀನಿ" ಎಂದು ಅವನ ಕಿವಿಯಲ್ಲಿ ಉಸುರಿದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಣ್ಣನೇ ಬಂದ. ಯಾವ ತುಣುಕು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಲು ಅವನನ್ನೂ ಅಂದೇ ಬರಹೇಳಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸು, ಮುಖದಲ್ಲಿ ಮದುವೆ ಗಂಡಿನ ಕಳೆ. ಇಂಜಿನಿಯರ್‌ಗೆ ಪಾಪ ಏನು ಗೊತ್ತು? "ಸರಿಯಾದ ಹೊತ್ತಿಗೆ ಬಂದ್ರಿ ಸರ್, ನೀವೇ ಹೇಳಿ" ಎಂದು ಎರಡನ್ನೂ ಒಂದರ ಹಿಂದೊಂದು ಕೇಳಿಸಿದರು. ಎಳೆದು ಕೂರಿಸಿದ್ದು. ಅವಳು ನುಡಿಸಿದ್ದು.

ಅಣ್ಣ ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನು. ಅವನ ಮುಖದ ಕಳೆ ಮೆಲ್ಲಗೆ ಇಳಿಯುವುದು ಚಡಪಡಿಗೆ ಕಾಣಿಸಿತು. ಅವಳ ಕಾಲು ನೆಲ ಕುಟ್ಟತೊಡಗಿತು.

"ಅಣ್ಣ, ನಂದೇ ತಪ್ಪು. ನಾನು ತಿರುವಲ್ಲಿ ತಡ ಮಾಡ್ತೀನಿ, ನಿಂಗೊತ್ತಲ್ಲ..."

"ಯಾವಾಗಿಂದ?"

"ಏನು?"

"ಯಾವಾಗಿಂದ ನನಗೋಸ್ಕರ ಕಾಯ್ತಿದ್ದೀಯ?"

ಅವಳು ಕಡ್ಡಿಯ ಕಡೆ ನೋಡಿದಳು. ಅವನು ಮತ್ತೆ ಗೋಡೆ ನೋಡುತ್ತಿದ್ದ.

"ಬೆರಳು ಜಜ್ಜಿದಾಗಿನಿಂದ" ಎಂದಳು.

ಅಣ್ಣ ಎಡಗೈ ಎತ್ತಿ ಆ ಬೆರಳನ್ನು ಮಡಚಿ, ಬಿಡಿಸಿ ನೋಡಿದ. "ನಾನು ವಾಸಿಯಾದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ" ಎಂದ. "ನಿಮ್ಮತ್ತಿಗೆ ಸಿಹಿ ಬೇರೆ ಹಂಚಿದ್ಲು."

ಬೈದಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು, ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇರೆಯವನಿಂದ ಬೇಸ್ ನುಡಿಸಿಸುವ ಮಾತು ಇನ್ನೂ ಅಣ್ಣನ ಕಿವಿಗೆ ಬಿದ್ದಿರಲಿಲ್ಲ. ಆದರೆ ಅವನೇ ಈಗ ಎದ್ದು, ನನ್ನನ್ನು ಬಿಟ್ಟುಬಿಡಿ ಎಂದರೆ? ಚಡಪಡಿ ಬಾಗಿಲ ತನಕ ಹೋದಳು, ಬಂದಳು, ಮತ್ತೆ ಹೋದಳು. ಅಣ್ಣನಿಲ್ಲದ ಆಲ್ಬಮ್ ಅವಳಿಗೆ ಯಾತಕ್ಕೂ ಬೇಡವಾಗಿತ್ತು.

ಅಣ್ಣ ಒಳಗೆ ಬಂದವನೇ ಮೂಲೆಯಲ್ಲಿದ್ದ ಬೇಸ್ ಕೈಗೆತ್ತಿಕೊಂಡ. "ಏಳು ತುಣುಕು ಇವಳು ನುಡಿಸಿದ ಹಾಗೇ ಇರಲಿ ಸರ್. ಎಂಟನೇದು ಮತ್ತೆ ನುಡಿಸೋಣ." ತಂಗಿಯ ಕಡೆ ತಿರುಗಿದ. "ನೀನು ಕಾಯ್ಬೇಡ."

"ಅಣ್ಣ..."

"ಕಾಯ್ಬೇಡ ಅಂದೆ."

ಶುರುಮಾಡಿದರು. ಮೊದಲ ತಿರುವಿಗೇ ಅಣ್ಣ ತಂತಿಯ ಮೇಲೆ ಅಂಗೈ ಒತ್ತಿದ. "ಕಾದೆ."

ಮತ್ತೆ ಶುರು. ಮತ್ತೆ ಅಂಗೈ. "ಕಾದೆ."

"ಕೈ ನನ್ನ ಮಾತು ಕೇಳಲ್ಲ ಅಣ್ಣ!"

"ಕೇಳಿಸು. ನನ್ನ ಕೈ ನೋಡ್ಬೇಡ, ಆ ಕಡೆ ತಿರುಗು."

ಚಡಪಡಿ ಸದ್ದು ಹೀರಲು ಗೋಡೆಗೆ ಹಚ್ಚಿದ್ದ ಸ್ಪಂಜಿನ ಕಡೆ ಮುಖ ಮಾಡಿದಳು. ಹಲ್ಲು ಕಚ್ಚಿ ನುಡಿಸಿದಳು. ತಿರುವು ಹತ್ತಿರ ಬಂದಾಗ ಮಗುವಿನ ಕೈ ಕೊಡವಿ ರಸ್ತೆ ದಾಟಿದಂತಾಯಿತು. ಏಟು ಬಿತ್ತು, ಒಂಟಿಯಾಗಿ. ಅದರ ಹಿಂದೆ ಏದುಸಿರು ಬಿಡುತ್ತಾ ಅಣ್ಣನ ಸ್ವರ ಬಂತು. ಯಾವುದರ ಜೊತೆ ಹೋಗಬೇಕೋ ತಿಳಿಯದೆ ಕಡ್ಡಿಯ ಗಿಟಾರು ಅವೆರಡರ ನಡುವೆ ತಡಕಾಡಿತು, ಕೆರಳಿತು, ಕಿರುಚಿತು. ಹಾಗೆ ಅವನು ಎಂದೂ ನುಡಿಸಿರಲಿಲ್ಲ. ಅಣ್ಣ ಮಾತ್ರ ನಿಲ್ಲಿಸಲಿಲ್ಲ. ಪ್ರತಿ ತಿರುವಿಗೂ ಹಿಂದೆ ಬಿದ್ದ, ಪ್ರತಿ ಸಲವೂ ಬಂದು ಮುಟ್ಟಿದ.

ನುಡಿಸಿ ಮುಗಿಯುತ್ತಿದ್ದ ಹಾಗೇ ಇಂಜಿನಿಯರರ ಕೈ ಅಭ್ಯಾಸಬಲದಿಂದ ಮೌಸಿನ ಕಡೆ ಹೋಯಿತು.

"ಮುಟ್ಬೇಡಿ ಸರ್" ಎಂದ ಅಣ್ಣ. "ಆ ತಡ ನಂದು. ಅದು ಅಲ್ಲೇ ಇರಲಿ."

"ಜನ ಕೇಳಿದ್ರೆ?"

"ಕೇಳಲಿ ಅಂತಲೇ ತಾನೇ ಆಲ್ಬಮ್ ಮಾಡೋದು?"

ಕಡ್ಡಿ ಅಂದು ಮೊದಲ ಸಲ ನಕ್ಕ. "ಇದನ್ನೇ ಮೊದಲನೇದಾಗಿ ಹಾಕೋಣ. ಓಡೋರು ಅಲ್ಲೇ ಓಡಿಹೋಗ್ತಾರೆ."

ಮೆಟ್ಟಿಲು ಇಳಿಯುವಾಗ ಚಡಪಡಿ ಅಣ್ಣನ ಹಿಂದಿದ್ದಳು. ಅವನ ಬೆನ್ನು ನೋಡಿದರೆ ಸಿಟ್ಟೋ ಸಮಾಧಾನವೋ ತಿಳಿಯುತ್ತಿರಲಿಲ್ಲ. ಕೇಳದೆ ಇರಲೂ ಆಗಲಿಲ್ಲ.

"ಭಾನುವಾರ ನುಡಿಸುವಾಗ ಏನು ಮಾಡ್ಲಿ? ಕಾಯ್ಲೋ ಬೇಡ್ವೋ?"

"ನಂಗೂ ಗೊತ್ತಿಲ್ಲ" ಎಂದ ಅವನು, ತಿರುಗದೆ. ಇನ್ನೆರಡು ಮೆಟ್ಟಿಲು ಇಳಿದ. "ಕಾಯೋದಾದ್ರೆ ನನಗೆ ಹೇಳಿ ಕಾಯಿ."

ಹೇಳಿ ಕಾಯುವುದು ಎಂದರೆ ಹೇಗೆ? ನುಡಿಸುವಾಗ ಬಾಯಿ ಬಿಡಲಾದೀತೇ? ಅವಳು ಮತ್ತೆ ಕೇಳಬೇಕೆನ್ನುವಷ್ಟರಲ್ಲಿ ಅವನು ಬೀದಿಗೆ ಇಳಿದು ಗಾಡಿಗಳ ನಡುವೆ ನುಗ್ಗಿಯಾಗಿತ್ತು. ಚಡಪಡಿ ಅವನ ಹಿಂದೆ ಓಡಿದಳು.