ಕಿವಿಗೆ ಕೇಳಿಸಿದ ಕತ್ತರಿ

ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ನಮ್ಮ ಮನೆಯವರೇ ಸಾರಿಕೊಂಡು ಬಂದಿದ್ದಾರೆ. ಇದು ಉಳಿದರ್ಧಕ್ಕೆ ಸೇರಿದ್ದು.

ನಮ್ಮಣ್ಣ ಕತ್ತರಿ ಮಾಡುವವನು. ಮಾಡಿದ್ದನ್ನೆಲ್ಲ ಅಕ್ಕನ ಗಂಡ, ನಮ್ಮ ಭಾವ, ತಮ್ಮ ಅಂಗಡಿಗೆ ಕೊಳ್ಳುತ್ತಿದ್ದರು. ಸರ್ಕಾರ ಆಮದು ಸುಂಕ ತೆಗೆದದ್ದೇ ತಡ, ಹಡಗಿನಲ್ಲಿ ಬಂದ ಕತ್ತರಿ ಅರ್ಧ ಬೆಲೆಗೆ ಆ ಅಂಗಡಿ ತುಂಬಿತು. ಮಂತ್ರಿಗಳು ಟೀವಿಯಲ್ಲಿ, "ದೇಶದ ಬಾಗಿಲು ತೆರೆದಿದ್ದೇವೆ" ಎಂದರು. ಅವರದೇ ಗಂಟಲನ್ನು ಅಣಕಿಸಿ ನಾನು, "ನೀವಿನ್ನು ಕುಲುಮೆಯ ಬಾಗಿಲು ಮುಚ್ಚಿಕೊಳ್ಳಿ" ಎಂದು ಸೇರಿಸಿದೆ. ಅಣ್ಣ ನಗಲಿಲ್ಲ.

"ಅಗ್ಗದ್ದು ಅಗ್ಗದ ಹಾಗೇ ಕಿರುಚುತ್ತೆ ಕಣೋ. ಜನ ವಾಪಸ್ ಬರ್ತಾರೆ, ನೋಡ್ತಿರು."

ಕತ್ತರಿಯನ್ನು ಕಿವಿಯ ಬಳಿ ಆಡಿಸಿ, ಅಲಗು ಅಲಗಿಗೆ ಉಜ್ಜುವ ದನಿಯಲ್ಲೇ ಅವನು ಒಳ್ಳೆಯದನ್ನು ಆರಿಸುತ್ತಿದ್ದ. ಸಾಣೆಕಲ್ಲಿಗೆ ಗೋಣಿ ಹೊದಿಸಿ, ಕೆಲಸದವರನ್ನು ಮನೆಗೆ ಕಳಿಸಿದ ಮೇಲೂ ಕುಲುಮೆ ಆರದಿದ್ದದ್ದು ಆ ಒಂದು ನಂಬಿಕೆಯಿಂದ.

ಭಾನುವಾರ ಅಕ್ಕ, ಭಾವ ಊಟಕ್ಕೆ ಬಂದರು. ನನ್ನ ಕೈ ಸುಮ್ಮನಿರಬೇಕಲ್ಲ! ಅಣ್ಣನ ಕತ್ತರಿಯೊಂದರ ಗುರುತಿನ ಮೇಲೆ ಪರದೇಶದ ಚೀಟಿ ಅಂಟಿಸಿ, "ಹೊಸ ಮಾಲಂತೆ ಭಾವ" ಎಂದು ಕೊಟ್ಟೆ. ಭಾವ ಹಳೆಯ ಅಂಗಿಯ ತೋಳನ್ನು ಒಂದೇ ಎಳೆತಕ್ಕೆ ಸೀಳಿದರು.

"ಆಹಾ! ಕತ್ತರಿ ಅಂದ್ರೆ ಇದಪ್ಪ. ನೋಡಿ ಕಲೀರಿ!"

ನಾನು ಚೀಟಿ ಕಿತ್ತೆ.

"ಅದು ನಂದು ಭಾವ," ಎಂದ ಅಣ್ಣ. ಅವನ ಮುಖ ಅರಳಿದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ. ಅಕ್ಕ ಬಿದ್ದು ಬಿದ್ದು ನಕ್ಕಳು.

ಭಾವ ಪೆಚ್ಚಾದರೂ ಸೋಲಲಿಲ್ಲ. ತಮ್ಮ ಚೀಲದಿಂದ ಪರದೇಶದ್ದೊಂದು ತೆಗೆದರು. "ಈಗ ನೀನು ಕಣ್ಣು ಮುಚ್ಚು. ನಿಂದು ಯಾವುದು ಹೇಳಿಬಿಡು, ಈ ವರ್ಷದ ಆರ್ಡರೆಲ್ಲ ನಿಂಗೇ."

ಅಣ್ಣನ ಕಿವಿಯ ಬಳಿ ಎರಡನ್ನೂ ಒಂದಾದ ಮೇಲೊಂದು ಆಡಿಸಿದರು. ಅಣ್ಣ ತಡಮಾಡಲಿಲ್ಲ.

"ಎರಡನೇದು. ಹೆತ್ತ ಮಗಳ ದನಿ ಗೊತ್ತಾಗಲ್ವಾ?"

ಕಣ್ಣು ಬಿಟ್ಟ. ಎರಡನೆಯದರ ಅಲಗಿನ ಮೇಲೆ ನಮಗೆ ಓದಲು ಬಾರದ ಅಕ್ಷರಗಳಿದ್ದವು.

ಅಕ್ಕ ತಟ್ಟೆಗಳನ್ನು ಜೋಡಿಸತೊಡಗಿದಳು. "ಹೋಗ್ಲಿ ಬಿಡು, ಗದ್ದಲದಲ್ಲಿ ಸರಿಯಾಗಿ ಕೇಳಿಸಿಲ್ಲ. ಇನ್ನೊಂದ್ಸಲ ನೋಡೋಣ," ಎಂದರು ಭಾವ. ಮನೆಯಲ್ಲಿ ಗದ್ದಲವೇ ಇರಲಿಲ್ಲ.

ಅಣ್ಣ ಆ ಕತ್ತರಿಯನ್ನು ತಾನೇ ಎತ್ತಿ ಕಿವಿಗೆ ಹಿಡಿದ. ಆಡಿಸಿದ. ಮತ್ತೆ ಆಡಿಸಿದ.

"ಚೆನ್ನಾಗಿದೆ ಭಾವ. ಅಲ್ಲೂ ಯಾರೋ ಪುಣ್ಯಾತ್ಮ ಕೂತ್ಕೊಂಡು ಕಿವಿಗೊಟ್ಟು ಮಾಡಿದಾನೆ."

ಆಮೇಲೆ ನಕ್ಕ. ನಾವೂ ಉಪಚಾರಕ್ಕೆಂದು ಸೇರಿಕೊಂಡೆವು, ಒಬ್ಬೊಬ್ಬರಾಗಿ ನಿಲ್ಲಿಸಿದೆವು. ಅಣ್ಣ ಮಾತ್ರ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ನಗುತ್ತಲೇ ಇದ್ದ.